ರಕ್ತ ಕಂಡರೆ ಓಡುತ್ತೇವೆ, ಉಚ್ಚೆ ನಿಂತರೆ ಕಾಯುತ್ತೇವೆ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ, ಫೋನುಗಳಲ್ಲಿ ಒಂದು ಪ್ರಶ್ನೆ ತಪ್ಪುವುದೇ ಇಲ್ಲ. ‘ನಾಯಿಗೆ ಆಪರೇಷನ್ ಮಾಡಿಸಲೇಬೇಕೇನ್ರಿ, ಬಿಟ್ಟರ ತಾನ ಕೂಡತೈತೇನ್ರಿ?’ ಕೇಳುವವರಲ್ಲಿ ಹೆಚ್ಚಿನವರ ಮನಸ್ಸಿನಲ್ಲಿ ಇರುವುದು ಮುರಿದ ಕಾಲು. ಬೆಕ್ಕು ಸಾಕಿದವರು ಕೇಳುವುದು ಕಡಿಮೆ. ಬೆಕ್ಕು ತನ್ನ ಸಂಕಟವನ್ನು ಅಟ್ಟದ ಮೂಲೆಗೆ ಒಯ್ದು ಬಚ್ಚಿಡುವ ಪ್ರಾಣಿ. ಹುಬ್ಬಳ್ಳಿ–ಧಾರವಾಡದಲ್ಲಿ ಪಶುವೈದ್ಯನಾಗಿ ಇಷ್ಟು ವರ್ಷ ಕಂಡದ್ದರ ಮೇಲೆ ನನಗೆ ಅನ್ನಿಸುವುದು ಇಷ್ಟು: ಅವಸರ ಬೇಡದ ಕಡೆ ನಾವು ಅವಸರ ಮಾಡುತ್ತೇವೆ, ಅವಸರ ಮಾಡಲೇಬೇಕಾದ ಕಡೆ ‘ನಾಳೆ ನೋಡೂಣು’ ಅನ್ನುತ್ತೇವೆ. ನಾಯಿಯ ಕಾಲು ಜೋತಾಡುವುದನ್ನು ಕಂಡು ರಾತ್ರಿ ಹನ್ನೆರಡಕ್ಕೆ ಬಾಗಿಲು ಬಡಿಯುವ ಮನುಷ್ಯನೇ, ಬೆಕ್ಕು ಉಚ್ಚೆ ಹೊಯ್ದಿಲ್ಲ ಎಂಬ ಸುದ್ದಿಯನ್ನು ಮೂರನೇ ದಿನ, ಊಟ ಮುಗಿಸಿಕೊಂಡು ಬಂದು ಹೇಳುತ್ತಾನೆ. ಮುರಿದ ಎಲುಬು ಬಹುತೇಕ ಕಾಯುತ್ತದೆ. ಕಟ್ಟಿದ ಮೂತ್ರ ಕಾಯುವುದಿಲ್ಲ.

ಮೊದಲು ಎಲುಬಿನ ಮಾತನ್ನೇ ಮುಗಿಸೋಣ. ಅವಳಿನಗರವನ್ನು ಜೋಡಿಸುವ ಇಪ್ಪತ್ತೆರಡು ಕಿಲೋಮೀಟರಿನ ಹೆದ್ದಾರಿಯಲ್ಲಿ, ಉಣಕಲ್ಲು ದಾಟಿ ನವನಗರ, ರಾಯಾಪುರ, ಸತ್ತೂರಿನ ಕಡೆ ಹೋಗುವಾಗ, ನಡುವೆ ತನ್ನದೇ ಪಥದಲ್ಲಿ ಓಡುವ ‘ಚಿಗರಿ’ ಸಿಟಿ ಬಸ್ಸು, ಆಚೀಚೆ ಕಾರು, ಬೈಕು. ರಾತ್ರಿ ಹೊತ್ತು ಈ ಎಲ್ಲ ಸಾಲುಗಳನ್ನು ಒಂದೇ ಓಟದಲ್ಲಿ ದಾಟಲು ಹೋದ ನಾಯಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಹಿಂಭಾಗಕ್ಕೆ: ತೊಡೆಯೆಲುಬು, ಸೊಂಟ. ಎತ್ತಿಕೊಂಡು ಬಂದವರು ಕಾಲು ತೋರಿಸುತ್ತಾರೆ. ನಾವು ಮೊದಲು ತುಟಿ ಮೇಲೆತ್ತಿ ವಸಡು ನೋಡುತ್ತೇವೆ. ‘ಸರ, ಕಾಲು ಅಲ್ಲೈತ್ರಿ’ ಎಂದು ತಿದ್ದಿದವರೂ ಉಂಟು. ವಸಡು ತಿಳಿಗುಲಾಬಿ ಇದ್ದರೆ ನೆಮ್ಮದಿ. ಬಿಳಿಚಿಕೊಂಡಿದ್ದರೆ ಹೊಟ್ಟೆಯೊಳಗೋ ಎದೆಯೊಳಗೋ ರಕ್ತ ಸುರಿಯುತ್ತಿರಬಹುದು. ಆಮೇಲೆ ಉಸಿರು. ಪೆಟ್ಟಿನ ರಭಸಕ್ಕೆ ಶ್ವಾಸಕೋಶದ ಸುತ್ತ ಗಾಳಿ ಸೇರಿರಬಹುದು. ಎದೆ–ಹೊಟ್ಟೆಗಳ ನಡುವಿನ ವಪೆ ಹರಿದು ಕರುಳು ಎದೆಗೂಡಿಗೆ ನುಗ್ಗಿರಬಹುದು. ಆಮೇಲೆ ಮೂತ್ರಕೋಶ ಒಡೆದಿದೆಯೋ ಇಲ್ಲವೋ ಎಂಬುದು. ಕಾಲಿನ ಸರದಿ ಇಷ್ಟೆಲ್ಲ ಆದ ಮೇಲೆ. ಇಂಥ ನಾಯಿಯನ್ನು ಅದೇ ರಾತ್ರಿ ಅರಿವಳಿಕೆ ಕೊಟ್ಟು ಮಲಗಿಸಿದರೆ ಕಾಲು ಕೂಡಿಸುವ ಮೊದಲೇ ನಾಯಿ ಹೋಗಬಹುದು. ಆದ್ದರಿಂದ ‘ಎರಡು ದಿನ ಬಿಟ್ಟು ಆಪರೇಷನ್ ಮಾಡೋಣ’ ಎಂದು ವೈದ್ಯರು ಹೇಳಿದರೆ ಅದು ನಿರ್ಲಕ್ಷ್ಯವಲ್ಲ, ಲೆಕ್ಕಾಚಾರ.

ಎರಡು ದಿನ ಅಂದರೆ ಎರಡು ವಾರ ಅಲ್ಲ. ತಡವಾದಷ್ಟೂ ಸ್ನಾಯುಗಳು ಕುಗ್ಗಿ ಎಲುಬಿನ ತುದಿಗಳನ್ನು ಒಂದರ ಮೇಲೊಂದು ಎಳೆದುಕೊಳ್ಳುತ್ತವೆ, ಅಡ್ಡಾದಿಡ್ಡಿ ಗಂಟು ಕಟ್ಟತೊಡಗುತ್ತದೆ. ಚರ್ಮ ಹರಿದು ಎಲುಬು ಹೊರಗೆ ಬಂದಿದ್ದರೆ ಮಾತ್ರ ಕಾಯುವ ಮಾತೇ ಇಲ್ಲ. ಗಾಯ ತೊಳೆದು ಆಂಟಿಬಯೋಟಿಕ್ ಶುರು ಮಾಡುವುದು ಅದೇ ದಿನ, ಸಾಧ್ಯವಾದರೆ ಅದೇ ತಾಸಿನಲ್ಲಿ ಆಗಬೇಕು. ಪ್ಲೇಟು, ರಾಡುಗಳ ಮಾತು ಮರುದಿನಕ್ಕೆ ಇರಲಿ.

‘ಪಟ್ಟಿ ಕಟ್ಟಿದರ ಸಾಲೂದಿಲ್ಲೇನ್ರಿ?’ ಅನ್ನುವುದು ಮುಂದಿನ ಪ್ರಶ್ನೆ. ಕೆಲವಕ್ಕೆ ಸಾಲುತ್ತದೆ. ಮುರಿದ ಎಲುಬು ಅಲುಗಬಾರದು ಎಂದರೆ ಅದರ ಮೇಲಿನ ಕೀಲು, ಕೆಳಗಿನ ಕೀಲು ಎರಡನ್ನೂ ಬಿಗಿಯಬೇಕು. ಮೊಣಕಾಲಿನ ಕೆಳಗೆ ಸರಳವಾಗಿ ಬಿರಿದ ಎಲುಬಿಗೆ, ಅದರಲ್ಲೂ ಮರಿಗಳಿಗೆ, ಪ್ಲಾಸ್ಟರ್ ಹಾಕಿದರೆ ನಾಲ್ಕೈದು ವಾರದಲ್ಲಿ ಕೂಡಿಕೊಳ್ಳುತ್ತದೆ. ತೊಡೆಯೆಲುಬಿನ ಮೇಲಿನ ಕೀಲು ಸೊಂಟದ್ದು. ಅದನ್ನು ಯಾವ ಪಟ್ಟಿಯಿಂದಲೂ ಬಿಗಿಯಲಾಗದು. ಅಲ್ಲಿ ಕಟ್ಟಿದ ಪಟ್ಟಿ ಕೆಳಗೆ ಜಾರಿ, ತನ್ನ ಭಾರದಿಂದಲೇ ಮುರಿದ ತುದಿಯನ್ನು ಇನ್ನಷ್ಟು ಅಲ್ಲಾಡಿಸುತ್ತದೆ. ಅಲ್ಲಿ ಬೇಕಾದದ್ದು ಎಲುಬಿನ ಪೊಳ್ಳಿನೊಳಗೆ ಇಳಿಸುವ ಪಿನ್ನು (ನಮ್ಮ ಕಡೆ ಎಲ್ಲರೂ ಕರೆಯುವುದು ‘ರಾಡ್’), ಇಲ್ಲವೇ ಪ್ಲೇಟ್–ಸ್ಕ್ರೂ, ಇಲ್ಲವೇ ಚರ್ಮದ ಹೊರಗಿನಿಂದ ಸರಳು ತೂರಿಸಿ ಹಿಡಿಯುವ ಚೌಕಟ್ಟು. ರಾಡು ಅಗ್ಗ, ಎಲುಬು ಬಾಗದಂತೆ ತಡೆಯುತ್ತದೆ, ಆದರೆ ತಿರುಗದಂತೆ ತಡೆಯಲಾರದು. ಪ್ಲೇಟು ಎರಡನ್ನೂ ತಡೆಯುತ್ತದೆ, ದುಡ್ಡೂ ಹೆಚ್ಚು. ಯಾವುದು ಎಂಬುದನ್ನು ಎಕ್ಸ್–ರೇ ನೋಡಿ ವೈದ್ಯರು ಹೇಳಬೇಕೇ ಹೊರತು, ಕಳೆದ ವರ್ಷ ಪಕ್ಕದ ಮನೆಯ ನಾಯಿಗೆ ಏನು ಹಾಕಿದ್ದರು ಎಂಬುದರ ಮೇಲೆ ತೀರ್ಮಾನ ಆಗಬಾರದು.

ಪಟ್ಟಿಯ ಆಸೆ ದುಬಾರಿಯಾಗುವುದು ಪೊಮೆರೇನಿಯನ್‌ನಂಥ ಪುಟ್ಟ ನಾಯಿಗಳಲ್ಲಿ. ಸೋಫಾದಿಂದ ಹಾರಿಯೋ ಮಗುವಿನ ಕೈಯಿಂದ ಜಾರಿಯೋ ಮುಂಗಾಲು ಮುರಿಯುತ್ತದೆ. ಈ ಜಾತಿಗಳಲ್ಲಿ ಮುಂಗಾಲಿನ ಕೆಳತುದಿಗೆ ರಕ್ತದ ಹರಿವು ಕಡಿಮೆ. ಬರೀ ಪಟ್ಟಿ ಕಟ್ಟಿ ಬಿಟ್ಟರೆ ಎಷ್ಟೋ ಸಲ ಎಲುಬು ಕೂಡುವುದೇ ಇಲ್ಲ, ತಿಂಗಳಾದ ಮೇಲೆ ಬಿಚ್ಚಿದರೆ ಕಾಲು ಅಲ್ಲೇ ಬಾಗುತ್ತದೆ. ಇದಕ್ಕೆ ಪ್ಲೇಟು ಹಾಕುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಕೂದಲು ಬೋಳಿಸಿದ ಮೇಲೆ ಉಳಿಯುವ ಕಾಲು ಒಂದು ಬೆರಳಿನಷ್ಟು. ಒಳಗಿನ ಎಲುಬಿನ ಅಗಲ ಅರ್ಧ ಸೆಂಟಿಮೀಟರಿನ ಆಸುಪಾಸು. ಅದರಲ್ಲಿ ಎರಡು ಮಿಲಿಮೀಟರಿನ, ಕೆಲವೊಮ್ಮೆ ಒಂದೂವರೆ ಮಿಲಿಮೀಟರಿನ ಸ್ಕ್ರೂಗೆ ತೂತು ಕೊರೆಯಬೇಕು. ಕೊರೆಯುವಾಗ ಇನ್ನೊಬ್ಬರು ಸಿರಿಂಜಿನಿಂದ ಸಲೈನು ಬಿಡುತ್ತಲೇ ಇರಬೇಕು. ಡ್ರಿಲ್ಲಿನ ಬಿಸಿಗೆ ಸುತ್ತಲಿನ ಎಲುಬು ಸತ್ತರೆ ಸ್ಕ್ರೂ ಸಡಿಲಾಗುತ್ತದೆ. ಸ್ಕ್ರೂ ಒಂದು ಸುತ್ತು ಹೆಚ್ಚು ತಿರುಗಿದರೆ ಎಲುಬಿನ ಒಳಗಿನ ಹಿಡಿತವೇ ಕಿತ್ತು ಬರುತ್ತದೆ. ‘ಇಷ್ಟ ಸಣ್ಣ ನಾಯಿಗೆ ಇಷ್ಟ್ಯಾಕ್ರಿ ಬಿಲ್ಲು’ ಎಂದು ಕೇಳುವವರಿಗೆ ನನ್ನ ಉತ್ತರ, ನಾಯಿ ಸಣ್ಣದಾದಷ್ಟೂ ಕೆಲಸ ದೊಡ್ಡದು.

ಇನ್ನು ಬಿದಿರಿನ ದಬ್ಬೆ. ಹಳ್ಳಿಯ ಕಡೆ ದನಕರುಗಳಿಗೆ ಕಟ್ಟುವ ಕೈಗಳೇ ನಾಯಿಗೂ ಕಟ್ಟಿ ಕಳಿಸುತ್ತವೆ. ನಾಟಿ ವೈದ್ಯರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೈಯಲ್ಲಿ ಎಕ್ಸ್–ರೇ ಇಲ್ಲ, ಅಷ್ಟೇ. ಕಷ್ಟ ಇರುವುದು ಬಿಗಿಯಲ್ಲಿ. ಸುತ್ತಿದ ಹುರಿ ರಕ್ತವನ್ನು ತಡೆದರೆ ಪಾದ ಊದಿ, ತಣ್ಣಗಾಗಿ, ಕಪ್ಪಾಗುತ್ತದೆ. ಆಮೇಲೆ ಉಳಿಯುವ ದಾರಿ ಕಾಲು ತೆಗೆಯುವುದೊಂದೇ. ಯಾರೇ ಪಟ್ಟಿ ಕಟ್ಟಿರಲಿ, ನಡುವಿನ ಎರಡು ಬೆರಳು ಹೊರಗೆ ಕಾಣುವಂತಿರಬೇಕು. ದಿನಕ್ಕೆರಡು ಸಲ ಮುಟ್ಟಿ ನೋಡಿ. ಆ ಎರಡು ಉಗುರುಗಳು ಒಂದರಿಂದೊಂದು ದೂರ ಸರಿದಿದ್ದರೆ ಪಾದ ಊದಿದೆ ಎಂದರ್ಥ. ಪಟ್ಟಿಯನ್ನು ಆಗಲೇ ಬಿಚ್ಚಿಸಬೇಕು.

ಕಾಲು ತೆಗೆಯುವುದು ಎಂದ ಕೂಡಲೇ ಮನೆಯವರು ಅಳುತ್ತಾರೆ, ‘ಅದರ ಬದಲು ನಿದ್ದಿ ಇಂಜೆಕ್ಷನ್ ಕೊಟ್ಟುಬಿಡ್ರಿ’ ಅನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ನಾಯಿ ತನ್ನ ಭಾರದ ನೂರಕ್ಕೆ ಅರವತ್ತರಷ್ಟನ್ನು ಮುಂಗಾಲುಗಳ ಮೇಲೆ ಹೊರುತ್ತದೆ. ಹಿಂಗಾಲೊಂದು ಹೋದರೆ ಕೆಲವೇ ವಾರಗಳಲ್ಲಿ ಓಡುತ್ತದೆ. ಮುಂಗಾಲು ಹೋದರೂ ಹೆಚ್ಚಿನವು ಹೊಂದಿಕೊಳ್ಳುತ್ತವೆ. ಮೂರು ಕಾಲಿನ ನಾಯಿಯನ್ನು ನೋಡಿ ನಾಚಿಕೆ ಪಡುವವರು ನಾವು, ನಾಯಿಯಲ್ಲ.

ಬೆಕ್ಕಿನ ಪೆಟ್ಟು ಬೇರೆ ಬಗೆಯದು. ವಿದ್ಯಾನಗರ, ಗೋಕುಲ ರಸ್ತೆ, ಕೇಶ್ವಾಪುರಗಳಲ್ಲಿ ಅಪಾರ್ಟ್‌ಮೆಂಟುಗಳು ಎದ್ದ ಮೇಲೆ, ಪಾರಿವಾಳದ ಹಿಂದೆ ಹೋಗಿ ಬಾಲ್ಕನಿಯಿಂದ ಬಿದ್ದ ಬೆಕ್ಕುಗಳೂ ಬರತೊಡಗಿವೆ. ಬೆಕ್ಕು ಯಾವಾಗಲೂ ಕಾಲ ಮೇಲೇ ಬೀಳುತ್ತದೆ ಎಂಬ ಮಾತು ಅರ್ಧ ನಿಜ. ಕಾಲ ಮೇಲೆ ಬಿದ್ದರೂ ಗದ್ದ ನೆಲಕ್ಕೆ ಬಡಿದು ಕೆಳದವಡೆ ನಟ್ಟನಡುವೆ ಸೀಳುತ್ತದೆ. ಅದನ್ನು ತೆಳು ಉಕ್ಕಿನ ತಂತಿಯಿಂದ ಸುತ್ತಿ ಬಿಗಿದು, ಕೆಲವು ವಾರ ಬಿಟ್ಟು ತೆಗೆದರೆ ಸಾಕು. ಚಿಕ್ಕ ಶಸ್ತ್ರಚಿಕಿತ್ಸೆ, ದೊಡ್ಡ ಫಲ. 1987ರಲ್ಲಿ ನ್ಯೂಯಾರ್ಕಿನ ವೈದ್ಯರು ಹೀಗೆ ಬಹುಮಹಡಿ ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ವಿವರ ಪ್ರಕಟಿಸಿದರು. ಚಿಕಿತ್ಸೆ ಪಡೆದವುಗಳಲ್ಲಿ ನೂರಕ್ಕೆ ತೊಂಬತ್ತು ಬದುಕಿದ್ದವು. ಇಲ್ಲಿ ‘ಚಿಕಿತ್ಸೆ ಪಡೆದವು’ ಎಂಬುದನ್ನು ಗಮನಿಸಿ. ಬಿದ್ದ ಬೆಕ್ಕು ಎದ್ದು ಮಂಚದ ಕೆಳಗೆ ಹೋಗಿ ಕೂತರೆ ‘ಆರಾಮ ಐತಿ’ ಎಂದುಕೊಳ್ಳಬೇಡಿ. ಬಾಯಿ ತೆರೆದು ಉಸಿರಾಡುವ ಬೆಕ್ಕು ಸಾವಿನ ಅಂಚಿನಲ್ಲಿರುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಕಣ್ಣಿಗೆ ಕಾಣುವ ಪೆಟ್ಟು. ನನ್ನ ನಿಜವಾದ ತಕರಾರು ಇರುವುದು ಕಾಣದ ರೋಗಗಳ ಬಗ್ಗೆ. ‘ಸರ, ಬೆಕ್ಕು ಎರಡ ದಿನದಿಂದ ಉಸುಕಿನ ಟ್ರೇದಾಗ ಕುಂತ ತಿಣಕಾಕತೈತ್ರಿ. ಹೊಟ್ಟಿ ಕಟ್ಟೇತಿ ಅಂತ ಔಡಲೆಣ್ಣಿ ಕುಡಿಸೀವ್ರಿ.’ ಗಂಡು ಬೆಕ್ಕು ಎಂದಾದರೆ ಇಂಥ ಮಾತು ಕೇಳಿದ ತಕ್ಷಣ ನಾವು ಹೊಟ್ಟೆ ಮುಟ್ಟುತ್ತೇವೆ. ಕಲ್ಲಿನ ಹಾಗೆ ಗಟ್ಟಿಯಾದ ಮೂತ್ರಕೋಶ ಕೈಗೆ ಸಿಗುತ್ತದೆ. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ಬಹಳ ಕಿರಿದು. ಮೂತ್ರದ ಹರಳು, ಲೋಳೆ ಸೇರಿದ ಬಿರಡೆ ಅಲ್ಲಿ ಸಿಕ್ಕಿಕೊಂಡರೆ ಹನಿಯೂ ಹೊರಬರುವುದಿಲ್ಲ. ಒಂದು ದಿನದಲ್ಲೇ ಕಿಡ್ನಿ ಸೋಲತೊಡಗುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ನಿಧಾನವಾಗುತ್ತದೆ. ಔಡಲೆಣ್ಣೆ ಕುಡಿಸುತ್ತ ಕೂತರೆ ಕೆಲವೇ ದಿನದಲ್ಲಿ ಬೆಕ್ಕು ಸಾಯುತ್ತದೆ.

ಮೊದಲ ಸಲಕ್ಕೆ ಆಪರೇಷನ್ ಬೇಕಾಗದೆ ಇರಬಹುದು. ಅರೆಪ್ರಜ್ಞೆಯಲ್ಲಿ ತೆಳು ನಳಿಕೆ ಹಾಕಿ ದಾರಿ ಬಿಡಿಸಿ, ಸಲೈನು ಹಾಕಿ, ಎರಡು ಮೂರು ದಿನ ನೋಡಿಕೊಂಡರೆ ಹೆಚ್ಚಿನವು ಚೇತರಿಸಿಕೊಳ್ಳುತ್ತವೆ. ಮತ್ತೆ ಮತ್ತೆ ಕಟ್ಟಿದರೆ ಮಾತ್ರ, ಆ ಕಿರಿದಾದ ತುದಿಯನ್ನೇ ತೆಗೆದು, ಅಗಲವಾದ ಹಿಂಭಾಗವನ್ನು ಚರ್ಮಕ್ಕೆ ಹೊಲಿದು ಹೊಸ ಬಾಯಿ ಮಾಡುವ ಶಸ್ತ್ರಚಿಕಿತ್ಸೆ ಇದೆ. ಆಮೇಲೆ ಅದು ಹೆಣ್ಣು ಬೆಕ್ಕಿನಂತೆ ಮೂತ್ರ ಮಾಡಿಕೊಂಡು ವರ್ಷಗಟ್ಟಲೆ ಬದುಕುತ್ತದೆ. ಬರೀ ಒಣ ಆಹಾರ ತಿಂದು ನೀರು ಕಡಿಮೆ ಕುಡಿಯುವ, ಮನೆಯೊಳಗೇ ಇರುವ ದಪ್ಪ ಗಂಡು ಬೆಕ್ಕುಗಳಿಗೆ ಈ ಕಾಟ ಹೆಚ್ಚು. ನಮ್ಮ ಬಿಸಿಲಿಗೆ ಮನೆಯ ಎರಡು ಮೂರು ಕಡೆ ನೀರಿಡಿ.

ಹೆಣ್ಣು ನಾಯಿಗಳಲ್ಲಿ ಇಷ್ಟೇ ಸದ್ದಿಲ್ಲದೆ ಕೊಲ್ಲುವುದು ಗರ್ಭಕೋಶದಲ್ಲಿ ತುಂಬುವ ಕೀವು. ಬೆದೆ ಮುಗಿದು ಒಂದೆರಡು ತಿಂಗಳಾಗಿರುತ್ತದೆ. ನಾಯಿ ಊಟ ಬಿಡುತ್ತದೆ, ಬಕೆಟ್ಟುಗಟ್ಟಲೆ ನೀರು ಕುಡಿಯುತ್ತದೆ, ಆಗಾಗ ಉಚ್ಚೆ ಹೊಯ್ಯುತ್ತದೆ. ಹಿಂದಿನಿಂದ ಕೀವು ಸೋರಿದರೆ ಮನೆಯವರಿಗೆ ತಿಳಿಯುತ್ತದೆ. ಗರ್ಭಕೋಶದ ಬಾಯಿ ಮುಚ್ಚಿದ್ದರೆ ಏನೂ ಸೋರುವುದಿಲ್ಲ, ಹೊಟ್ಟೆ ಮಾತ್ರ ದಪ್ಪಗಾಗುತ್ತದೆ. ‘ಬಸಿರ ಆಗಿರಬೇಕು’ ಎಂದು ಮನೆಯವರು ಹಾಲು–ಅನ್ನ ಹೆಚ್ಚಿಸುತ್ತಾರೆ. ಎರಡನೆಯದೇ ಹೆಚ್ಚು ಅಪಾಯದ್ದು. ಇದಕ್ಕೆ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆಯುವುದೇ ಖಾತ್ರಿಯ ಉಪಾಯ. ವಯಸ್ಸಾದ, ನಂಜೇರಿದ ನಾಯಿಗೆ ಅವಸರದಲ್ಲಿ ಮಾಡುವ ಈ ಶಸ್ತ್ರಚಿಕಿತ್ಸೆಯೂ, ಅದೇ ನಾಯಿ ಎಳೆಯದಿದ್ದಾಗ ಮಾಡಬಹುದಾಗಿದ್ದ ಸಂತಾನಹರಣ ಶಸ್ತ್ರಚಿಕಿತ್ಸೆಯೂ ಮೂಲದಲ್ಲಿ ಒಂದೇ. ಅಪಾಯದಲ್ಲಿ ಮಾತ್ರ ಅಜಗಜಾಂತರ. ಬೀದಿ ನಾಯಿಗೆ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಸ್ಥಳೀಯ ಸಂಸ್ಥೆ ಈ ಆಪರೇಷನ್ ಮಾಡಿಸಿ, ಕಿವಿಯ ತುದಿಗೆ ಗುರುತು ಮಾಡಿ, ಹಿಡಿದ ಕಡೆಯೇ ಬಿಡಬೇಕು. ಮನೆಯ ನಾಯಿಗೆ ನಾವು ‘ಒಂದ ಸಲ ಮರಿ ಹಾಕಲಿ, ಆಮ್ಯಾಲೆ ನೋಡೂಣು’ ಎನ್ನುತ್ತೇವೆ. ಮರಿ ಹಾಕುವುದರಿಂದ ನಾಯಿಯ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ.

ಇನ್ನೆರಡನ್ನು ಚುಟುಕಾಗಿ ಹೇಳುತ್ತೇನೆ. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್‌ನಂಥ ಆಳವಾದ ಎದೆಯ ದೊಡ್ಡ ನಾಯಿ ಊಟವಾದ ಮೇಲೆ ಓಕರಿಸುತ್ತಿದೆ, ಆದರೆ ಏನೂ ಬರುತ್ತಿಲ್ಲ, ಹೊಟ್ಟೆ ಉಬ್ಬುತ್ತಿದೆ ಎಂದಾದರೆ ಜಠರ ತಿರುಚಿಕೊಂಡಿರಬಹುದು. ಇಲ್ಲಿ ಲೆಕ್ಕ ದಿನಗಳದ್ದಲ್ಲ, ತಾಸುಗಳದ್ದು. ಬೆಕ್ಕಿನ ಬಾಯಿಯಿಂದಲೋ ಹಿಂದಿನಿಂದಲೋ ದಾರದ ತುದಿ ಕಂಡರೆ ಎಳೆಯಬೇಡಿ. ಒಳಗೆ ದಾರ ಎಲ್ಲೋ ಸಿಕ್ಕಿಕೊಂಡಿರುತ್ತದೆ. ಎಳೆದರೆ ಕರುಳನ್ನೇ ಕೊಯ್ಯುತ್ತದೆ.

ಕಾಯಬಹುದಾದ ಆಪರೇಷನ್ನುಗಳಲ್ಲಿ ಆ ಕಾಯುವ ಹೊತ್ತನ್ನು ಏನು ಮಾಡುತ್ತೀರಿ ಎಂಬುದೂ ಮುಖ್ಯ. ನಮ್ಮ ಭಾಗದಲ್ಲಿ ಉಣ್ಣಿ ಜಾಸ್ತಿ, ಉಣ್ಣಿಯಿಂದ ಬರುವ ಜ್ವರವೂ ಜಾಸ್ತಿ. ಹೊರಗಿನಿಂದ ಗಟ್ಟಿಮುಟ್ಟಾಗಿ ಕಾಣುವ ನಾಯಿಯ ರಕ್ತದಲ್ಲಿ ಪ್ಲೇಟ್‌ಲೆಟ್ ಕುಸಿದಿರಬಹುದು. ಕೊಯ್ದ ಮೇಲೆ ರಕ್ತ ನಿಲ್ಲುವುದಿಲ್ಲ. ಆದ್ದರಿಂದ ಮೊದಲು ರಕ್ತ ಪರೀಕ್ಷೆ ಎಂದರೆ ‘ಸುಮ್ಮನ ಖರ್ಚು’ ಎನ್ನಬೇಡಿ. ನಿಮ್ಮದು ಮುಧೋಳ ನಾಯಿಯಾದರೆ ಇನ್ನೊಂದು ಮಾತು. ತಿಮ್ಮಾಪುರದ ಸಂಶೋಧನಾ ಕೇಂದ್ರದಿಂದಲೋ ಬಾಗಲಕೋಟೆ ಕಡೆಯ ಸಾಕಣೆದಾರರಿಂದಲೋ ತಂದ ಈ ನಾಯಿಗಳು ಅವಳಿನಗರದಲ್ಲೂ ಇವೆ. ಓಟಕ್ಕೆಂದೇ ಬೆಳೆದ ಜಾತಿ, ಮೈಯಲ್ಲಿ ಕೊಬ್ಬು ಬಹಳ ಕಡಿಮೆ. ಗ್ರೇಹೌಂಡಿನಂಥ ಇಂಥ ನಾಯಿಗಳು ಥಯೋಪೆಂಟೋನ್ ತರಹದ ಹಳೆಯ ಅರಿವಳಿಕೆಯಿಂದ ಏಳುವುದು ಬಹಳ ತಡ. ವೈದ್ಯರು ಬೇರೆ ಔಷಧ ಆರಿಸಿಕೊಳ್ಳುತ್ತಾರೆ. ಯಾವುದು ಎಂದು ಕೇಳುವ ಹಕ್ಕು ನಿಮಗಿದೆ.

ಮನೆಯ ಡಬ್ಬಿಯಲ್ಲಿರುವ ನೋವಿನ ಗುಳಿಗೆ ಮಾತ್ರ ಕೊಡಬೇಡಿ. ಮನುಷ್ಯರ ಪ್ಯಾರಾಸಿಟಮಾಲ್ ಒಂದೇ ಗುಳಿಗೆ ಬೆಕ್ಕನ್ನು ಕೊಲ್ಲಬಹುದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸುತ್ತವೆ. ಪೆಟ್ಟು ಬಿದ್ದ ನಾಯಿಯನ್ನು ಎತ್ತುವ ಮೊದಲು ಬಟ್ಟೆಯ ಪಟ್ಟಿಯಿಂದ ಮೂತಿ ಕಟ್ಟಿ. ನೋವಿನಲ್ಲಿ ಸಾಕಿದವರನ್ನೂ ಕಚ್ಚುತ್ತದೆ. ಉಸಿರಾಟ ಕಷ್ಟವಿದ್ದರೆ, ವಾಂತಿಯಾಗುತ್ತಿದ್ದರೆ ಮೂತಿ ಕಟ್ಟಬಾರದು. ಹಲಗೆಯ ಮೇಲೋ ಬಿಗಿಯಾಗಿ ಹಿಡಿದ ಚಾದರದಲ್ಲೋ ಮಲಗಿಸಿ ಒಯ್ಯಿರಿ. ಬೀದಿ ನಾಯಿ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಲ್ಲಿ ತೊಳೆದು, ಅದೇ ದಿನ ರೇಬಿಸ್ ಲಸಿಕೆ ಹಾಕಿಸಿಕೊಳ್ಳಿ. ನಾಯಿಯ ಸೇವೆ ಆಮೇಲೆ.

ಆಪರೇಷನ್ ಆದ ಮೇಲಿನ ಕೆಲಸ ನಿಮ್ಮದು. ಹೊಲಿಗೆ ನೆಕ್ಕದಿರಲೆಂದು ಕೊರಳಿಗೆ ಹಾಕಿದ ಶಂಕುವಿನಾಕಾರದ ಕಾಲರನ್ನು ‘ಪಾಪ, ತ್ರಾಸ ಆಗತೈತಿ’ ಎಂದು ರಾತ್ರಿ ತೆಗೆದರೆ ಬೆಳಗಾಗುವಷ್ಟರಲ್ಲಿ ಹೊಲಿಗೆ ನೆಕ್ಕಿ ಕಿತ್ತಿರುತ್ತದೆ. ಹೊಲಿಗೆ ಬಿಚ್ಚುವುದು ಹತ್ತರಿಂದ ಹದಿನಾಲ್ಕು ದಿನಕ್ಕೆ. ಎಲುಬು ಕೂಡಲು ದೊಡ್ಡ ನಾಯಿಗೆ ಎರಡು ಮೂರು ತಿಂಗಳು ಬೇಕು. ನಾಯಿ ಎರಡನೇ ವಾರಕ್ಕೇ ಕಾಲೂರಿ ನಡೆಯುತ್ತದೆ, ಮನೆಯವರು ಖುಷಿಯಿಂದ ಮಹಡಿಗೆ ಬಿಡುತ್ತಾರೆ, ರಾಡು ಬಾಗುತ್ತದೆ. ಕಾಲೂರುವುದು ಎಂದರೆ ಎಲುಬು ಕೂಡಿತು ಎಂದಲ್ಲ, ರಾಡು ಹಿಡಿದಿದೆ ಎಂದು.

ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಉತ್ತರ ಈಗ ಮೊದಲಿಗಿಂತ ಹತ್ತಿರವಿದೆ. ಸರ್ಕಾರಿ ಪಶು ಆಸ್ಪತ್ರೆಗಳಿವೆ, ಖಾಸಗಿ ಕ್ಲಿನಿಕ್ಕುಗಳಿವೆ. ಇಲ್ಲಿ ಆಗದ್ದಕ್ಕೆ, ಹುಬ್ಬಳ್ಳಿಯಿಂದ ಸುಮಾರು ಅರವತ್ತು ಕಿಲೋಮೀಟರು ದೂರದ ಗದಗಿನಲ್ಲಿ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು ಇದೆ. ಇನ್ನೂ ದೊಡ್ಡದಕ್ಕೆ ಬೆಂಗಳೂರಿನಲ್ಲಿ, 1958ರಿಂದ ನಡೆಯುತ್ತಿರುವ ಹೆಬ್ಬಾಳದ ಕಾಲೇಜು. ಪಶುಪಾಲನಾ ಇಲಾಖೆಯ ಸಹಾಯವಾಣಿ 1962. ಆದರೆ ಈ ಹೆಸರುಗಳನ್ನು ಅವಘಡದ ರಾತ್ರಿ ಹುಡುಕಬೇಡಿ. ನಿಮ್ಮ ವೈದ್ಯರನ್ನು ಈ ವಾರವೇ ಎರಡು ಪ್ರಶ್ನೆ ಕೇಳಿಟ್ಟುಕೊಳ್ಳಿ: ರಾತ್ರಿ ಹನ್ನೊಂದಕ್ಕೆ ತೊಂದರೆಯಾದರೆ ಯಾರಿಗೆ ಫೋನು ಮಾಡಲಿ, ನಿಮ್ಮಲ್ಲಿ ಆಗದ ಆಪರೇಷನ್ ಎಲ್ಲಿ ಆಗುತ್ತದೆ? ಉಸಿರು ಕಟ್ಟಿದರೆ, ವಸಡು ಬಿಳಿಚಿಕೊಂಡರೆ, ಚರ್ಮ ಹರಿದು ಎಲುಬು ಹೊರಗೆ ಬಂದರೆ, ಉಚ್ಚೆ ನಿಂತರೆ, ಹೊಟ್ಟೆ ಉಬ್ಬಿದರೆ, ಬೆದೆಯ ನಂತರ ಊಟ ಬಿಟ್ಟರೆ ಅದೇ ಹೊತ್ತಿಗೆ ಹೊರಡಿ, ಉಳಿದದ್ದಕ್ಕೆ ಬೆಳಗಾಗಲಿ.